ಡ್ರಿಲ್ ಪೈಪ್ ತಪಾಸಣೆ: ಸವೆತವನ್ನು ಅಳೆಯಬೇಕು, ಬಿರುಕನ್ನು ಹುಡುಕಬೇಕು

ಡ್ರಿಲ್ ಪೈಪ್ ಅಂದರೆ ತೈಲ ಬಾವಿಯಂಥ ಆಳದ ಬಾವಿ ಕೊರೆಯುವಾಗ ಒಂದಕ್ಕೊಂದು ಜೋಡಿಸಿ ಕೆಳಗಿಳಿಸುವ ಕೊಳವೆ. ಈ ಪಾಠ ಓದುವಾಗ ಸವೆತ ಮತ್ತು ಬಿರುಕನ್ನು ಮೊದಲೇ ಬೇರೆ ಬೇರೆ ಇಟ್ಟುಕೊಳ್ಳಿ. ಸವೆತ ನಿಧಾನ. ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಅಂತ ಅಳೆದು ಹೇಳಬಹುದು. ಬಿರುಕಿನ ಕಥೆ ಬೇರೆ. ದಪ್ಪ ಸರಿಯಾಗೇ ಇರುವ ಪೈಪ್ ಕೂಡ ಬಾವಿಯೊಳಗೆ ತುಂಡಾಗಬಹುದು.

ಮೊದಲು ಸುಲಭದ್ದು, ಅಂದರೆ ಸವೆತ. ಪೈಪಿನ ಹೊರಮೈ ಬಾವಿಯ ಗೋಡೆಗೆ, ಕೇಸಿಂಗಿಗೆ (ಬಾವಿಯ ಒಳಗೋಡೆಗೆ ಹಾಕುವ ಉಕ್ಕಿನ ಕೊಳವೆಗೆ) ಉಜ್ಜುತ್ತದೆ. ಇದು ಸಾಮಾನ್ಯವಾಗಿ ಸುತ್ತಲೂ ಒಂದೇ ಸಮ ಆಗುವುದಿಲ್ಲ, ಒಂದು ಪಕ್ಕಕ್ಕೆ ಜಾಸ್ತಿ ಆಗುತ್ತದೆ. ಅದಕ್ಕೇ ಶಬ್ದದ ಅಲೆಯಿಂದ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜನ್ನು ಸುತ್ತಲೂ ಇಟ್ಟು ನೋಡಬೇಕು. ಉದಾಹರಣೆಗೆ, 5 ಇಂಚಿನ, ಅಡಿಗೆ 19.5 ಪೌಂಡ್ ತೂಕದ ಪೈಪ್ ತೆಗೆದುಕೊಳ್ಳಿ. ಹೊಸದರಲ್ಲಿ ಇದರ ಗೋಡೆ 9.19 ಮಿ.ಮೀ. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ವರ್ಗೀಕರಣದ ಪ್ರಕಾರ ಕನಿಷ್ಠ ಶೇ. 80 ಉಳಿದಿದ್ದರೆ, ಅಂದರೆ 7.35 ಮಿ.ಮೀ. ಇದ್ದರೆ, ದಪ್ಪದ ಮಟ್ಟಿಗೆ ಅದು ಪ್ರೀಮಿಯಂ. ಶೇ. 70ರವರೆಗೆ, ಅಂದರೆ ಸುಮಾರು 6.43 ಮಿ.ಮೀ.ವರೆಗೆ, ಕ್ಲಾಸ್ 2. ಅದಕ್ಕಿಂತ ಕೆಳಗೆ ಕ್ಲಾಸ್ 3.

ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದೇ ಜಾಗದ ಸುತ್ತ 8.3, 8.1, 7.9, 7.0 ಅಂತ ಬಂತು ಅನ್ನಿ. ಸರಾಸರಿ 7.8, ಪ್ರೀಮಿಯಂ ಅನ್ನಿಸುತ್ತದೆ ಅಲ್ವಾ? ಆದರೆ ಲೆಕ್ಕಕ್ಕೆ ಬರುವುದು ಸರಾಸರಿ ಅಲ್ಲ, ಅತಿ ಕಡಿಮೆ ಅಳತೆ. 7.0 ಅಂದರೆ ಶೇ. 76. ಆ ಪೈಪ್ ಕ್ಲಾಸ್ 2. ಪ್ರೀಮಿಯಂ ಪೈಪಿಗೆ ಎರಡು ಬಿಳಿ ಪಟ್ಟಿ, ಕ್ಲಾಸ್ 2ಕ್ಕೆ ಒಂದು ಹಳದಿ ಪಟ್ಟಿ ಬಳಿಯುತ್ತಾರೆ.

ಈಗ ಬಿರುಕು. ಬಾವಿ ನೇರವಾಗಿ ಇಳಿಯದೆ ಎಲ್ಲೋ ತಿರುವು ಪಡೆದ ಜಾಗಕ್ಕೆ ಡಾಗ್‌ಲೆಗ್ ಅನ್ನುತ್ತಾರೆ. ಅಲ್ಲಿ ಪೈಪ್ ಬಾಗಿಕೊಂಡೇ ತಿರುಗುತ್ತದೆ. ಬಾಗಿನ ಹೊರಬದಿಯ ಉಕ್ಕು ಎಳೆತದಲ್ಲಿರುತ್ತದೆ, ಅರ್ಧ ಸುತ್ತು ತಿರುಗಿದರೆ ಅದೇ ಉಕ್ಕು ಒಳಬದಿಗೆ ಬರುತ್ತದೆ. ತಂತಿಯನ್ನು ಆಚೀಚೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ. ನಿಮಿಷಕ್ಕೆ 120 ಸುತ್ತು ಅಂದರೆ ಗಂಟೆಗೆ 7,200 ಸಲ. ಡಾಗ್‌ಲೆಗ್ ಬಾವಿಯ ಮೇಲ್ಭಾಗದಲ್ಲಿದ್ದರೆ ಇನ್ನೂ ಕಷ್ಟ. ಕೆಳಗೆ ನೇತಾಡುವ ಇಡೀ ಪೈಪ್ ಸಾಲಿನ ತೂಕವೂ ಅಲ್ಲಿನ ಪೈಪನ್ನು ಜಗ್ಗುತ್ತಿರುತ್ತದೆ. ಬಾವಿಯ ಒಟ್ಟು ಆಳ ಹೆಚ್ಚಿದಷ್ಟೂ ಮೇಲ್ಭಾಗದ ಈ ಎಳೆತ ಹೆಚ್ಚು. 1989ರಲ್ಲಿ 12,262 ಮೀಟರ್ ಮುಟ್ಟಿದ, ರಷ್ಯಾದ ಕೋಲಾ ಬಾವಿಯಲ್ಲಿ ತೂಕ ಇಳಿಸಲು ಅಲ್ಯೂಮಿನಿಯಂ ಪೈಪ್ ಬಳಸಿದ್ದರು. ಬಿಟ್ಟನ್ನು (ಕಲ್ಲು ಕೊರೆಯುವ ತುದಿಯನ್ನು) ತಿರುಗಿಸುವ ಕೆಲಸವನ್ನೂ ತಳದ ಟರ್ಬೈನಿಗೆ ಕೊಟ್ಟಿದ್ದರು.

ಬಿರುಕು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ನನ್ನ ಪ್ರಕಾರ ಈ ಪಾಠದಲ್ಲಿ ಗಟ್ಟಿಯಾಗಿ ನೆನಪಿಡಬೇಕಾದ್ದು ಇದೇ. ಪೈಪಿನ ತುದಿಯಲ್ಲಿ ಗೋಡೆಯನ್ನು ದಪ್ಪ ಮಾಡಿರುತ್ತಾರೆ, ಅದು ಅಪ್‌ಸೆಟ್. ಆ ದಪ್ಪ ಮುಗಿದು ಮಾಮೂಲಿ ಗೋಡೆ ಶುರುವಾಗುವ ಕಡೆ, ಅದರಲ್ಲೂ ಒಳಮೈಯಲ್ಲಿ, ಒತ್ತಡ ಒಟ್ಟಾಗುತ್ತದೆ. ತುಕ್ಕಿನ ಸಣ್ಣ ಗುಳಿಯೂ ಅಲ್ಲೇ ಬಿದ್ದರೆ ಬಿರುಕಿಗೆ ದಾರಿ ಸಿಕ್ಕಂತೆ. ಇನ್ನೊಂದು ಜಾಗ, ಪೈಪನ್ನು ಬಾವಿಯ ಬಾಯಲ್ಲಿ ಹಿಡಿದು ನಿಲ್ಲಿಸುವ ಸ್ಲಿಪ್ಪಿನ ಹಲ್ಲುಗಳು ಕಚ್ಚಿ ಗೀರು ಮಾಡುವ ಭಾಗ. ಮತ್ತೊಂದು, ಪೈಪುಗಳನ್ನು ಒಂದಕ್ಕೊಂದು ಜೋಡಿಸುವ ಟೂಲ್ ಜಾಯಿಂಟಿನ ಥ್ರೆಡ್. ಅಲ್ಲಿ ಪಿನ್ನಿನ (ಇನ್ನೊಂದರೊಳಗೆ ತಿರುಗಿಸಿ ಕೂರಿಸುವ ತುದಿಯ) ಬುಡದ ಕಡೆ ಕೊನೆಯದಾಗಿ ಕಚ್ಚಿಕೊಳ್ಳುವ ಥ್ರೆಡ್ಡಿನ ತಳವನ್ನು ತಪ್ಪದೆ ನೋಡಬೇಕು.

ಪೈಪಿನ ಉದ್ದಕ್ಕೆ ಓಡಿಸುವ ವಿದ್ಯುತ್ಕಾಂತೀಯ ಯಂತ್ರ ಪೈಪನ್ನು ಉದ್ದಕ್ಕೆ ಕಾಂತೀಕರಿಸುತ್ತದೆ. ದೋಷ ಇರುವಲ್ಲಿ ಕಾಂತಕ್ಷೇತ್ರ ಹೊರಗೆ ಸೋರುತ್ತದೆ, ಸೆನ್ಸರ್ ಅದನ್ನು ಹಿಡಿಯುತ್ತದೆ. ಹೀಗಾಗಿ ಅಡ್ಡ ಬಿರುಕು, ಗುಳಿ ಚೆನ್ನಾಗಿ ಸಿಗುತ್ತವೆ. ಉದ್ದುದ್ದ ಬಿರುಕು ಕ್ಷೇತ್ರದ ದಿಕ್ಕಿಗೇ ಇರುವುದರಿಂದ ತಪ್ಪಿಸಿಕೊಳ್ಳಬಹುದು. ಆದರೆ ಅಪ್‌ಸೆಟ್ಟಿನ ಹತ್ತಿರ ಈ ಯಂತ್ರವನ್ನು ನಂಬುವ ಹಾಗಿಲ್ಲ. ಬಿರುಕು ಹೆಚ್ಚಾಗಿ ಹುಟ್ಟುವುದೂ ಅಲ್ಲೇ! ಅದಕ್ಕೇ ಎರಡೂ ತುದಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಬೇರೆಯಾಗಿ ಮಾಡುತ್ತಾರೆ. ಪೈಪನ್ನು ಕಾಂತೀಕರಿಸಿ, ಹೊಳೆಯುವ ಸಣ್ಣ ಕಣಗಳ ದ್ರಾವಣ ಸುರಿದು, ಕತ್ತಲಲ್ಲಿ ಅಲ್ಟ್ರಾವಯಲೆಟ್ ಬೆಳಕು ಹಿಡಿದರೆ ಬಿರುಕು ಗೆರೆಯಾಗಿ ಬೆಳಗುತ್ತದೆ. ಬೆಳಕು ಪೈಪಿನ ಮೇಲೆ ಚದರ ಸೆಂ.ಮೀ.ಗೆ ಕನಿಷ್ಠ 1,000 ಮೈಕ್ರೋವ್ಯಾಟ್ ಬೀಳಬೇಕು. ಗ್ರೀಸ್, ತುಕ್ಕು, ಮಣ್ಣು ಉಳಿದಿದ್ದರೆ ಇಷ್ಟೆಲ್ಲಾ ಮಾಡಿಯೂ ಸುಮ್ನೆ ದಂಡ. ಸ್ವಚ್ಛ ಮಾಡುವ ಕೆಲಸದಲ್ಲಿ ಆತುರ ಬೇಡವೇ ಬೇಡ. ಕಾಂತಕ್ಕೆ ಅಂಟದ ಲೋಹದ ಡ್ರಿಲ್ ಕಾಲರ್‌ಗಳಿಗೆ (ಸಾಲಿನ ಕೆಳಭಾಗದ ದಪ್ಪ, ಭಾರದ ಕೊಳವೆಗಳಿಗೆ) ಈ ವಿಧಾನ ನಡೆಯದು, ಅಲ್ಲಿ ಡೈ ಪೆನಿಟ್ರೆಂಟ್, ಅಂದರೆ ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ, ಬಳಸುತ್ತಾರೆ.

ಬಿರುಕು ಸಿಕ್ಕರೆ ಉದ್ದ ಎಷ್ಟು, ಆಳ ಎಷ್ಟು ಅನ್ನುವ ಚೌಕಾಸಿ ಇಲ್ಲ. ಹೀಗೆ ಮತ್ತೆ ಮತ್ತೆ ಬಾಗಿ ಹುಟ್ಟುವ ಆಯಾಸದ ಬಿರುಕು ಎಷ್ಟೇ ಚಿಕ್ಕದಿರಲಿ, ಪೈಪನ್ನು ಪಕ್ಕಕ್ಕಿಡಬೇಕು. ಥ್ರೆಡ್ಡಿನಲ್ಲಿದ್ದರೆ ಮಾತ್ರ, ಟೂಲ್ ಜಾಯಿಂಟಿನಲ್ಲಿ ಸಾಕಷ್ಟು ಉದ್ದ ಉಳಿದಿದ್ದರೆ, ಆ ಭಾಗ ಕತ್ತರಿಸಿ ಹೊಸ ಥ್ರೆಡ್ ಹಾಕಬಹುದು.

ತಪಾಸಣೆಯಲ್ಲಿ ತಪ್ಪಿದ ಬಿರುಕು ಬಾವಿಯೊಳಗೆ ಗೋಡೆಯನ್ನು ದಾಟಿದರೆ ಮಡ್ (ಪೈಪಿನೊಳಗೆ ಪಂಪ್ ಮಾಡುವ ಕೊರೆತದ ದ್ರವ) ಅದರಿಂದ ನುಗ್ಗಿ ತೂತು ದೊಡ್ಡದು ಮಾಡುತ್ತದೆ. ಇದೇ ವಾಷ್‌ಔಟ್. ಪಂಪಿನ ವೇಗ ಬದಲಾಗದೆ ಒತ್ತಡ ಮಾತ್ರ ಇಳಿಯುತ್ತಿದ್ದರೆ ಅನುಮಾನ ಪಡಬೇಕು. ಮೇಲಿನ ಪಂಪು, ಲೈನುಗಳಲ್ಲಿ ಸೋರಿಕೆ ಇಲ್ಲ ಅಂತ ಖಚಿತವಾದರೆ, ಪೈಪ್ ತುಂಡಾಗುವ ಮೊದಲೇ ಸಾಲನ್ನು ಮೇಲೆತ್ತಿ, ಒಂದೊಂದೇ ಪೈಪ್ ನೋಡುತ್ತಾ ತೂತನ್ನು ಹುಡುಕಬೇಕು.