ಮೆಣಸಿನಕಾಯಿ ಖಾರಕ್ಕೆ ನಾಲಿಗೆಯೇ ಬೇಕಿಲ್ಲ

ದಾವಣಗೆರೆಯಲ್ಲಿ ಸಂಜೆಯಾದರೆ ಓಣಿ ಓಣಿಯಲ್ಲೂ ಮಿರ್ಚಿ ಕರಿಯುವ ಸದ್ದು. ನಮ್ಮ ಮನೆ ಹತ್ತಿರದ ಗಾಡಿಯ ಅಕ್ಕ ಮಧ್ಯಾಹ್ನವೇ ಕೂತು ಬುಟ್ಟಿ ತುಂಬ ಹಸಿಮೆಣಸಿನಕಾಯಿ ಸೀಳಿ ಇಡುತ್ತಾರೆ. ಸೀಳಿ ಮುಗಿದ ಕೂಡಲೇ ಕೊಬ್ಬರಿ ಎಣ್ಣೆ ಬಾಟ್ಲಿ ಹುಡುಕುತ್ತಾರೆ. ಬೆರಳ ಸಂದಿಗೆಲ್ಲ ಎಣ್ಣೆ ತಿಕ್ಕಿ, ಉಫ್ ಅಂತ ಊದಿ, "ನೀರಾಗ ಎಷ್ಟ್ ತೊಳದ್ರೂ ಉರಿ ಹೋಗಲ್ರೀ, ಎಣ್ಣೀನೇ ಬೇಕು" ಅಂದರು ಒಮ್ಮೆ.

ಅವತ್ತಿನಿಂದ ಆ ಮಾತು ನನ್ನ ತಲೆಯಲ್ಲೇ ಉಳಿದಿದೆ. ಕೈಗೆ ಸಕ್ಕರೆ ಸವರಿದರೆ ಸಿಹಿ ಅನಿಸುವುದಿಲ್ಲ. ಹುಣಸೆ ಕಿವುಚಿದರೆ ಬೆರಳಿಗೆ ಹುಳಿ ಗೊತ್ತಾಗುವುದಿಲ್ಲ. ಮೆಣಸಿನಕಾಯಿ ಮಾತ್ರ ಬೆರಳಿಗೂ ಗೊತ್ತು, ಕಣ್ಣಿಗೂ ಗೊತ್ತು. ಹಾಗಾದರೆ ಖಾರ ರುಚಿ ಹೇಗಾಗುತ್ತದೆ?

ನಮ್ಮ ಹಿರಿಯರ ಲೆಕ್ಕದಲ್ಲಿ ಅದು ರುಚಿಯೇ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಅಂತ ಆಯುರ್ವೇದ ಆರು ರಸ ಎಣಿಸಿತು. ಆ ಕಾಲದಲ್ಲಿ ಇಲ್ಲಿ ಮೆಣಸಿನಕಾಯಿ ಇರಲೇ ಇಲ್ಲ. ಖಾರ ಅಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದಿಳಿದ ಮೇಲೆಯೇ ಅಮೆರಿಕದ ಈ ಕಾಯಿ ನಮ್ಮ ಕಡೆಗೆ ಬಂದದ್ದು. ಹೊಸ ಹೆಸರು ಹುಡುಕುವ ಗೋಜಿಗೆ ಕನ್ನಡದವರು ಹೋಗಲಿಲ್ಲ, ಮೆಣಸಿನಂತೆ ಉರಿಸುವ ಕಾಯಿ ಮೆಣಸಿನಕಾಯಿ ಆಯಿತು. ಅತ್ತ ಗ್ರೀಸಿನಲ್ಲಿ ಅರಿಸ್ಟಾಟಲ್ ಇಂದ್ರಿಯಗಳು ಐದೇ ಅಂದಿದ್ದ. ನಮ್ಮಲ್ಲೂ ಪಂಚೇಂದ್ರಿಯ. ಎರಡು ಸಾವಿರ ವರ್ಷ ಆ ಐದರ ಲೆಕ್ಕ ಯಾರೂ ಜಾಸ್ತಿ ಅಲುಗಾಡಿಸಲಿಲ್ಲ.

ಮೆಣಸಿನಕಾಯಿಯೊಳಗಿನ ಉರಿಯ ವಸ್ತುವಿಗೆ ಕ್ಯಾಪ್ಸೈಸಿನ್ ಅಂತ ಹೆಸರು ಬಂದದ್ದು 1876ರಲ್ಲಿ. ಇಟ್ಟವರು ಥ್ರೆಶ್ ಎಂಬ ಇಂಗ್ಲೆಂಡಿನವರು. ಅದು ನೋವು ತಿಳಿಸುವ ನರಗಳ ಮೇಲೆ ಕೆಲಸ ಮಾಡುತ್ತದೆ ಅಂತ ಹಂಗೇರಿಯ ವೈದ್ಯರು ಹೆಚ್ಚುಕಡಿಮೆ ಅದೇ ಹೊತ್ತಿಗೆ ಗುರುತಿಸಿದರು. 1940ರ ದಶಕದಲ್ಲಿ ಅದೇ ದೇಶದ ಯಾಂಚೋ ಇನ್ನೊಂದು ವಿಷಯ ಕಂಡುಕೊಂಡರು. ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಗುಲಿದರೆ ಆ ನರಗಳು ಸೋತು ಸುಮ್ಮನಾಗುತ್ತವೆ. ದಿನಾ ಮಿರ್ಚಿ ತಿನ್ನುವವರು ಕಣ್ಣಲ್ಲಿ ಹನಿ ನೀರಿಲ್ಲದೆ ನಾಲ್ಕು ಮುಗಿಸುವ ಗುಟ್ಟು ಇದೇ. ಮಂಡಿನೋವಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಕ್ಯಾಪ್ಸೈಸಿನ್ ಇರುವುದೂ ಇದಕ್ಕೇ.

ಈ ನಡುವೆ ನಾಲಿಗೆಗೊಂದು ಅನ್ಯಾಯ ಆಯಿತು. 1901ರಲ್ಲಿ ಜರ್ಮನಿಯ ಹ್ಯಾನಿಗ್ ನಾಲಿಗೆಯ ಬೇರೆ ಬೇರೆ ಕಡೆ ರುಚಿಯ ಚುರುಕು ಚೂರುಪಾರು ಹೆಚ್ಚುಕಡಿಮೆ ಇರುವುದನ್ನು ಅಳೆದರು. 1942ರಲ್ಲಿ ಅಮೆರಿಕದ ಬೋರಿಂಗ್ ಅದನ್ನು ತಮ್ಮ ಪುಸ್ತಕದಲ್ಲಿ ಬರೆದ ರೀತಿಗೆ ಆ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಂಡಿತು. ಅಲ್ಲಿಂದ ತುದಿಗೆ ಸಿಹಿ, ಅಂಚಿಗೆ ಹುಳಿ, ಹಿಂದಕ್ಕೆ ಕಹಿ ಅಂತ ನಾಲಿಗೆ ಭಾಗ ಹಂಚಿಕೆ ಆಗಿಹೋಯಿತು. ನಾನೂ ಆ ಚಿತ್ರ ಬರೆದು ಮಾರ್ಕ್ಸ್ ತಗೊಂಡವನೇ. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದು ನೋಡಿದಾಗ ವ್ಯತ್ಯಾಸ ಇತ್ತು, ಆದರೆ ಅದು ಲೆಕ್ಕಕ್ಕೆ ಬರುವಷ್ಟಲ್ಲ. ನಾಲಿಗೆಯಲ್ಲಿ ರುಚಿಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ. ಒಂದು ಹರಳು ಉಪ್ಪನ್ನು ನಾಲಿಗೆ ತುದಿಗಿಟ್ಟು ನೋಡಲು ಮಕ್ಕಳನ್ನು ಬಿಟ್ಟಿದ್ದರೆ ಸಾಕಿತ್ತು, ಆ ಚಿತ್ರ ಅಲ್ಲೇ ಬಿದ್ದುಹೋಗುತ್ತಿತ್ತು.

ಖಾರದ ಗಂಟು ಬಿಚ್ಚಿದ್ದು 1997ರಲ್ಲಿ. ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದ ವರ್ಷವೇ. ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಜೂಲಿಯಸ್ ಮತ್ತು ಜೊತೆಯವರು ನೋವು, ಬಿಸಿ ತಿಳಿಯುವ ನರಕೋಶಗಳ ಲಕ್ಷಗಟ್ಟಲೆ ಡಿಎನ್‌ಎ ತುಣುಕು ಒಟ್ಟುಮಾಡಿದರು. ಖಾರವೇ ಗೊತ್ತಿಲ್ಲದ ಬೇರೆ ಕೋಶಗಳಿಗೆ ಅವನ್ನು ಸೇರಿಸುತ್ತಾ ಹೋದರು. ಕೊನೆಗೆ ಒಂದೇ ಒಂದು ಜೀನ್ ಸೇರಿದಾಗ ಆ ಕೋಶಕ್ಕೂ ಕ್ಯಾಪ್ಸೈಸಿನ್ ತಾಗಿತು. ಆ ಜೀನ್ ನರದ ತುದಿಯಲ್ಲಿ ಒಂದು ಪುಟ್ಟ ಬಾಗಿಲು ಕಟ್ಟುತ್ತದೆ. ಅದರ ಹೆಸರು ಟಿಆರ್‌ಪಿವಿ1. ಆ ಬಾಗಿಲು ಇರುವುದು ಖಾರಕ್ಕಾಗಿ ಅಲ್ಲ, ಬಿಸಿಗಾಗಿ. ಸುಮಾರು 43 ಡಿಗ್ರಿ ದಾಟಿದರೆ ತೆರೆದು "ಸುಡ್ತಿದೆ" ಅಂತ ಮೆದುಳಿಗೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಹೋಗಿ ಕೂತರೆ ಬಿಸಿಯೇ ಇಲ್ಲದೆ ಅದೇ ಬಾಗಿಲು ತೆರೆದುಕೊಳ್ಳುತ್ತದೆ.

ಇದನ್ನು ತಿಳಿದುಕೊಂಡು ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ತಿಂದರೆ ಎಷ್ಟೊಂದು ಅರ್ಥವಾಗುತ್ತದೆ! ಎಣ್ಣೆಯಿಂದ ಈಗಷ್ಟೇ ತೆಗೆದ ಮಿರ್ಚಿ ಆರಿದ್ದಕ್ಕಿಂತ ಜಾಸ್ತಿ ಖಾರ, ಯಾಕೆಂದರೆ ಬಿಸಿ, ಖಾರ ಎರಡೂ ಸೇರಿ ಒಂದೇ ಬಾಗಿಲು ನೂಕುತ್ತವೆ. ಮೇಲೆ ಬಿಸಿ ಚಹಾ ಕುಡಿದರಂತೂ ಮುಗಿಯಿತು. ಹಣೆ ಬೆವರುವುದು, ಮೈ ಸುಡುತ್ತಿದೆ ಅಂತ ನಂಬಿದ ಮೆದುಳು ತಂಪು ಮಾಡಲು ಹೊರಟಿದ್ದಕ್ಕೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅಕ್ಕನ ಎಣ್ಣೆ ಬಾಟ್ಲಿಯ ಲೆಕ್ಕ ಸರಿಯಾಗಿಯೇ ಇತ್ತು. ಬಾಯಿ ಉರಿದರೆ ನೀರಿಗಿಂತ ಹಾಲು, ಮೊಸರು ಮೇಲು. ಖಾರ ಚಟ್ನಿ ಜೊತೆ ಬೆಣ್ಣೆ ದೋಸೆ ಹಿತವಾಗುವುದಕ್ಕೆ ಬೆಣ್ಣೆಯ ಪಾಲೂ ಇದೆ ಅನ್ನುವುದು ನನ್ನ ನಂಬಿಕೆ.

ನಮ್ಮ ಭಾಷೆಗೂ ಇದು ಒಳಗೊಳಗೇ ಗೊತ್ತಿತ್ತು ಅನಿಸುತ್ತದೆ. ಖಾರ ತಿಂದರೆ "ಬಾಯಿ ಉರೀತು" ಅನ್ನುತ್ತೇವೆ. ಬೆಂಕಿಗೆ ಬಳಸುವ ಮಾತು ಅದು, ಅಲ್ವಾ? ಒಗರಿನ ಕಥೆಯೂ ಹೆಚ್ಚುಕಡಿಮೆ ಹೀಗೇ. ಅಡಿಕೆಯ ಒಗರು ಎಂಜಲಿನ ಜಾರು ಕಳೆದು ನಾಲಿಗೆಯನ್ನು ಒರಟಾಗಿಸುತ್ತದೆ. ಆರು ರಸಗಳಲ್ಲಿ ಎರಡಕ್ಕೆ ಸ್ಪರ್ಶದ ನಂಟು ಬಂತು. ಹಿರಿಯರು ತಪ್ಪಿದರು ಅಂತ ನಾನು ಹೇಳಲಾರೆ. ಅವರು ಬಾಯಿಗೆ ಆದದ್ದನ್ನು ಎಣಿಸಿದರು, ಇವರು ನರವನ್ನು ಎಣಿಸಿದರು.

2021ರಲ್ಲಿ ಜೂಲಿಯಸ್‌ಗೆ ನೊಬೆಲ್ ಬಂತು. ಹಂಚಿಕೊಂಡವರು ಆರ್ಡೆಮ್ ಪಟಪೂಟಿಯನ್. ಒತ್ತಿದರೆ ತೆರೆಯುವ ಪೀಜೋ ಎಂಬ ಬಾಗಿಲುಗಳನ್ನು 2010ರಲ್ಲಿ ಕಂಡುಹಿಡಿದವರು. ಚರ್ಮಕ್ಕೆ ಮುಟ್ಟಿದ್ದು ತಿಳಿಯುವುದು ಅದರಿಂದಲೇ. ನಮ್ಮ ಕೈಕಾಲು ಎಲ್ಲಿದೆ ಅಂತ ನೋಡದೆಯೂ ತಿಳಿಯುತ್ತದಲ್ಲ, ಅದಕ್ಕೂ ಅದು ಬೇಕು. ಹಳೆಯ ಐದರಲ್ಲಿ ಸೇರದ ಅರಿವು ಇದು. ಮೊನ್ನೆ ಗಾಡಿ ಮುಂದೆ ನಿಂತಿದ್ದಾಗ ಕರೆಂಟ್ ಹೋಯಿತು. ಪೂರಾ ಕತ್ತಲೆ. ಯಾರ ಕೈಯೂ ದಾರಿ ತಪ್ಪಲಿಲ್ಲ, ಮಂಡಕ್ಕಿ ಕುರುಕುರು ಸದ್ದು ನಿಲ್ಲಲಿಲ್ಲ.

ಆ ಕತ್ತಲೆಯಲ್ಲೇ ಅಕ್ಕನಿಗೆ ಬಾಗಿಲಿನ ಕಥೆ ಹೇಳಿದೆ. ಪೂರ್ತಿ ಕೇಳಿ, "ಹಂಗಾರೆ ಗಿಳಿ ಹೆಂಗ್ ತಿಂತಾವ್ರೀ?" ಅಂದರು. ಹಕ್ಕಿಗಳಿಗೂ ಆ ಬಾಗಿಲಿದೆ, ಬಿಸಿಗೆ ತೆರೆಯುತ್ತದೆ, ಕ್ಯಾಪ್ಸೈಸಿನ್‌ಗೆ ಮಾತ್ರ ತೆರೆಯುವುದಿಲ್ಲ. 2002ರಲ್ಲಿ ಜೂಲಿಯಸ್ ಅವರ ಪ್ರಯೋಗಾಲಯವೇ ಇದನ್ನು ಕೋಳಿಯಲ್ಲಿ ತೋರಿಸಿತು ಅಂದೆ.

"ಅದಕ್ಕಾ ಮತ್ತೆ" ಅಂದರು ಅಕ್ಕ. "ಮೆಣಸಿನಕಾಯಿ ಹೊಲಕ್ಕೂ ನಮ್ಮಪ್ಪ ನನ್ನ ಗಿಳಿ ಕಾಯಾಕ ಕಳಿಸ್ತಿದ್ದ."