ಕೆ.ಜಿ.ಗೆ 20 ಲಕ್ಷ: ಕಸಿಗೆ ಮುನ್ನ ಕೇಳುವ ಈ ಲೆಕ್ಕ ಬಂದದ್ದೆಲ್ಲಿಂದ?

ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ರೋಗಿಗೆ ಅವರದ್ದೇ ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ) ಕಸಿ ಮಾಡುವ ಮುನ್ನ ವೈದ್ಯರು ಒಂದು ಅಂಕಿಗಾಗಿ ಕಾಯುತ್ತಾರೆ. ರಕ್ತದಿಂದ ಸಂಗ್ರಹಿಸಿದ ಚೀಲದಲ್ಲಿ ಸಿಡಿ34 ಗುರುತಿನ ಕೋಶಗಳು, ಅಂದರೆ ಸ್ಟೆಮ್ ಸೆಲ್ ಎಂದು ಲೆಕ್ಕ ಹಿಡಿಯುವ ಕೋಶಗಳು, ರೋಗಿಯ ತೂಕದ ಪ್ರತಿ ಕೆ.ಜಿ.ಗೆ ಎಷ್ಟಿವೆ? 20 ಲಕ್ಷಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. 40–50 ಲಕ್ಷ ಸಿಕ್ಕರೆ ನಿರಾಳ.

ಈ ಚಿಕಿತ್ಸೆಯಲ್ಲಿ ಕ್ಯಾನ್ಸರನ್ನು ಕೊಲ್ಲುವ ಕೆಲಸ ಭಾರಿ ಡೋಸಿನ ಕೀಮೋದ್ದು. ಅದು ಅಸ್ಥಿಮಜ್ಜೆಯನ್ನೂ ಬರಿದು ಮಾಡುವುದರಿಂದ, ಮೊದಲೇ ತೆಗೆದಿಟ್ಟ ಕೋಶಗಳನ್ನು ಮರಳಿ ಕೊಡುತ್ತಾರೆ. 1983ರಲ್ಲಿ ಬ್ರಿಟನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ಮ್ಯಾಕೆಲ್ವೇನ್ ಮತ್ತು ಪೌಲ್ಸ್ ಮೈಲೋಮಾಕ್ಕೆ ಭಾರಿ ಡೋಸಿನ ಮೆಲ್ಫಲಾನ್ ಎಂಬ ಕೀಮೋ ಔಷಧ ಕೊಟ್ಟಾಗ ಈ ಆಸರೆ ಇರಲಿಲ್ಲ. ರೋಗ ಕರಗಿತು, ಆದರೆ ರಕ್ತದ ಕೌಂಟ್ ಏರುವವರೆಗಿನ ದಿನಗಳು ಜೀವಕ್ಕೇ ಅಪಾಯ ತರುವಂತಿದ್ದವು.

ಎಷ್ಟು ಕೋಶ ಕೊಟ್ಟರೆ ಎಷ್ಟು ಚೇತರಿಕೆ ಎಂಬ ಪ್ರಶ್ನೆ ಅದಕ್ಕೂ ಹಳೆಯದು. 1961ರಲ್ಲಿ ಟೊರಾಂಟೊದ ಟಿಲ್ ಮತ್ತು ಮೆಕಲಕ್, ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಮಜ್ಜೆಯ ಕೋಶಗಳನ್ನು ಚುಚ್ಚಿದರು. ಇಲಿಗಳ ಗುಲ್ಮದ (ಸ್ಪ್ಲೀನ್) ಮೇಲೆ ಗಂಟುಗಳೆದ್ದವು. ಕೋಶ ಹೆಚ್ಚು ಕೊಟ್ಟಷ್ಟೂ ಗಂಟು ಹೆಚ್ಚು. ಡೋಸಿನ ಲೆಕ್ಕಕ್ಕೆ ಬುನಾದಿ ಬಿದ್ದದ್ದು ಅಲ್ಲಿ ಎಂದೇ ನನ್ನ ಭಾವನೆ.

ಮನುಷ್ಯರಲ್ಲಿ ಎಣಿಸುವುದು ಮಾತ್ರ ಸುಲಭವಾಗಿರಲಿಲ್ಲ. ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಅದರಲ್ಲಿನ ಒಟ್ಟು ಕೋಶ ಎಣಿಸುತ್ತಿದ್ದರು. ಅದರಲ್ಲಿ ಸ್ಟೆಮ್ ಸೆಲ್ ಎಷ್ಟೆಂಬುದು ಊಹೆ. ಪ್ರಯೋಗಾಲಯದಲ್ಲಿ ಕೋಶ ಬೆಳೆಸಿ ನೋಡುವ ಪರೀಕ್ಷೆಗೆ ಸುಮಾರು ಎರಡು ವಾರ ಹಿಡಿಯುತ್ತಿತ್ತು. ಕೋಶಗಳನ್ನು ಹೆಪ್ಪುಗಟ್ಟಿಸಿ ಇಡದೆ ಹಾಗೆಯೇ ಕೊಟ್ಟಿದ್ದರೆ, ವರದಿ ಕೈಸೇರುವ ಹೊತ್ತಿಗೆ ರೋಗಿ ಆಗಲೇ ಅದರ ಫಲ ಉಣ್ಣುತ್ತಿರುತ್ತಿದ್ದರು.

1984ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕರ್ಟ್ ಸಿವಿನ್ ತಂಡ ರೂಪಿಸಿದ ಪ್ರತಿಕಾಯ, ಇಂದು ಸಿಡಿ34 ಎನ್ನುವ ಗುರುತನ್ನು ಹಿಡಿದುಕೊಟ್ಟಿತು. ಫ್ಲೋ ಸೈಟೊಮೀಟರ್ ಯಂತ್ರದಲ್ಲಿ ಅದೇ ದಿನ ಎಣಿಕೆ ಸಾಧ್ಯವಾಯಿತು. 1991ರಲ್ಲಿ ಅಮೆರಿಕದ ಅನುಮತಿ ಪಡೆದ ಜಿ-ಸಿಎಸ್‌ಎಫ್ ಚುಚ್ಚುಮದ್ದು ಮಜ್ಜೆಯ ಕೋಶಗಳನ್ನು ರಕ್ತಕ್ಕೆ ಇಳಿಸುವ ದಾರಿಯನ್ನು ಸುಗಮಗೊಳಿಸಿತು. ತೋಳಿನ ಅಥವಾ ಕತ್ತಿನ ರಕ್ತನಾಳದಿಂದಲೇ ಸಂಗ್ರಹಿಸುವುದು ವಾಡಿಕೆಯಾಯಿತು. ಆಮೇಲೆ 1995ರಲ್ಲಿ ವೀವರ್ ಮತ್ತು ಸಂಗಡಿಗರು 692 ರೋಗಿಗಳ ವಿವರ ಜೋಡಿಸಿ ನೋಡಿದರು. ಕೆ.ಜಿ.ಗೆ 50 ಲಕ್ಷ ಅಥವಾ ಹೆಚ್ಚು ಪಡೆದವರಲ್ಲಿ ಚೇತರಿಕೆ ಬೇಗ, ಅದೂ ಭರವಸೆ ಇಡುವಷ್ಟು ಏಕರೂಪದಲ್ಲಿ. ಮರುವರ್ಷವೇ ಎಣಿಕೆಯ ಸಮಾನ ವಿಧಾನವೂ ಪ್ರಕಟವಾಯಿತು. ಅದಿಲ್ಲದೆ ಒಂದು ಲ್ಯಾಬಿನ 20 ಲಕ್ಷವನ್ನು ಇನ್ನೊಂದರ 20 ಲಕ್ಷಕ್ಕೆ ಹೋಲಿಸುವಂತಿರಲಿಲ್ಲ.

ಗಮನಿಸಬೇಕಾದದ್ದು ಪ್ಲೇಟ್‌ಲೆಟ್‌ಗಳನ್ನು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಸಾಮಾನ್ಯವಾಗಿ 10–14 ದಿನಗಳಲ್ಲಿ ರಕ್ತದ ಪ್ರತಿ ಮೈಕ್ರೋಲೀಟರ್‌ಗೆ 500 ದಾಟುತ್ತವೆ. ಕನಿಷ್ಠ ಮಟ್ಟ ಮೀರಿದ ಮೇಲೆ ಕೋಶಗಳ ಡೋಸ್ ಹೆಚ್ಚಿಸಿದರೆ ಇದರಲ್ಲಿ ಉಳಿತಾಯವಾಗುವುದು ಒಂದೆರಡು ದಿನ. ಡೋಸ್ ಕಡಿಮೆಯಾದರೆ ಪೆಟ್ಟು ಹೆಚ್ಚು ಬೀಳುವುದು ಪ್ಲೇಟ್‌ಲೆಟ್‌ಗೆ: ಕೆಲವರಲ್ಲಿ ವಾರಗಟ್ಟಲೆ ಏರದೆ, ಮತ್ತೆ ಮತ್ತೆ ಹೊರಗಿನಿಂದ ಪ್ಲೇಟ್‌ಲೆಟ್ ಕೊಡಬೇಕಾಗುತ್ತದೆ. ಹಾಗೆಂದು ಡೋಸ್ ಏರಿಸುತ್ತಲೇ ಹೋದರೂ ಲಾಭ ಅದೇ ಪ್ರಮಾಣದಲ್ಲಿ ಏರದು. ಎಕರೆಗೆ ಬೇಕಾದ ಬೀಜಕ್ಕಿಂತ ದುಪ್ಪಟ್ಟು ಬಿತ್ತಿದರೆ ಬೆಳೆ ಅರ್ಧ ದಿನಗಳಲ್ಲಿ ಕೊಯ್ಲಿಗೆ ಬರುವುದಿಲ್ಲವಲ್ಲ.

ಸಂಗ್ರಹವೇ ಸಾಲದ ರೋಗಿಗಳೂ ಇದ್ದಾರೆ. ಹಿಂದೆ ರೇಡಿಯೇಷನ್ ಪಡೆದವರು, ಮೈಲೋಮಾದ ಲೆನಲಿಡೊಮೈಡ್ ಮಾತ್ರೆಯನ್ನು ಬಹುಕಾಲ ನುಂಗಿದವರು ಇವರಲ್ಲಿ ಸೇರುತ್ತಾರೆ. ಕಸಿಯ ಯೋಚನೆಯಿದ್ದರೆ ಸಂಗ್ರಹವನ್ನು ಮುಂದೂಡಬಾರದು ಎನ್ನುವುದು ಇದಕ್ಕೇ. 2008ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಪ್ಲೆರಿಕ್ಸಾಫಾರ್ ಎಂಬ ಔಷಧ ಇಂಥವರಿಗೆ ನೆರವಾಗಿದೆ. ಎಚ್‌ಐವಿ ಔಷಧವಾಗಿ ಪರೀಕ್ಷಿಸುತ್ತಿದ್ದಾಗ ಬಿಳಿ ರಕ್ತಕಣಗಳು ಏರಿದ್ದು ಕಂಡು ಅದರ ದಿಕ್ಕು ಬದಲಾಯಿತು. ಸ್ಟೆಮ್ ಸೆಲ್‌ಗಳನ್ನು ಮಜ್ಜೆಗೆ ಅಂಟಿಸಿಡುವ ಕೊಂಡಿಯನ್ನು ಅದು ಸಡಿಲಿಸುತ್ತದೆ.

ಭಾರತದ ಹಲವು ಕೇಂದ್ರಗಳು ಸಂಗ್ರಹಿಸಿದ ಕೋಶಗಳನ್ನು ಹೆಪ್ಪುಗಟ್ಟಿಸದೆ 4 ಡಿಗ್ರಿಯಲ್ಲಿಟ್ಟು ಒಂದೆರಡು ದಿನಗಳಲ್ಲೇ ಮರಳಿ ಕೊಡುತ್ತವೆ. ಮೆಲ್ಫಲಾನ್ ದೇಹದಿಂದ ಬೇಗ ಹೊರಹೋಗುವುದರಿಂದ ಇದು ಸಾಧ್ಯ. ಖರ್ಚು ತಗ್ಗುತ್ತದೆ, ಹೆಪ್ಪು ಕರಗಿಸುವಾಗ ಸಾಯುವ ಕೋಶಗಳೂ ಉಳಿಯುತ್ತವೆ. ಎಣಿಸಿದ 20 ಲಕ್ಷದಲ್ಲಿ ಹೆಚ್ಚಿನ ಪಾಲು ಜೀವಂತವಾಗಿ ರೋಗಿಯನ್ನು ಸೇರುತ್ತದೆ.