99999 ಅನ್ನು ಕೂಡಿಸಬಾರದು

ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆಯಬೇಕು: ಅದು ಬಳಕೆದಾರರು ಒಂದೊಂದಾಗಿ ಕೊಡುವ ಸಂಖ್ಯೆಗಳನ್ನು ಓದಬೇಕು, 99999 ಬಂದ ಕೂಡಲೇ ಓದುವುದನ್ನು ನಿಲ್ಲಿಸಬೇಕು, ಅಲ್ಲಿಯವರೆಗಿನ ಸಂಖ್ಯೆಗಳ ಸರಾಸರಿಯನ್ನು ತಿಳಿಸಬೇಕು. 1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿಯಟ್ ಸೊಲೊವೇ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಕೊಟ್ಟ ಈ ಅಭ್ಯಾಸ, ಮುಂದೆ ಮಳೆಯ ಲೆಕ್ಕವೆಂದೇ ಹೆಸರಾಯಿತು. ನೋಡುವುದಕ್ಕೆ ಇದು ಬಲು ಸುಲಭ. ಆದರೂ ಇದರಲ್ಲಿ ಎಡವಿದವರು ಬಹಳ ಮಂದಿ.

ಕೊಡುವ ಸಂಖ್ಯೆಗಳು ದಿನದಿನದ ಮಳೆಯ ಅಳತೆಗಳೆಂದುಕೊಳ್ಳಿ. ಇಲ್ಲಿ 99999 ಎಂಬುದು ಮಳೆಯ ಅಳತೆಯಲ್ಲ, ಮುಗಿಯಿತೆಂಬ ಸೂಚನೆ. ಸೊನ್ನೆಯನ್ನು ಈ ಕೆಲಸಕ್ಕೆ ಬಳಸುವಂತಿಲ್ಲ, ಏಕೆಂದರೆ ಮಳೆ ಬಾರದ ದಿನದ ಸೊನ್ನೆಯೂ ಲೆಕ್ಕಕ್ಕೆ ಸೇರಲೇಬೇಕು. ಹೊಸಬರು ಸಾಮಾನ್ಯವಾಗಿ ‘ಸಂಖ್ಯೆ 99999 ಅಲ್ಲದಿರುವವರೆಗೆ’ ಎಂದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು) ಆರಂಭಿಸಿ, ಒಳಗೆ ಓದು, ಕೂಡು, ಎಣಿಸು ಎಂದು ಬರೆಯುತ್ತಾರೆ. 12, 0, 18 ಕೊಟ್ಟು ಕೊನೆಗೆ 99999 ಕೊಡಿ: ಸರಾಸರಿ 10 ಬರಬೇಕಾದಲ್ಲಿ 25007.25 ಬರುತ್ತದೆ. ಲೂಪಿನ ಷರತ್ತು ಪರೀಕ್ಷೆಗೆ ಒಳಗಾಗುವುದು ಪ್ರತಿ ಸುತ್ತಿನ ಆರಂಭದಲ್ಲಿ ಮಾತ್ರ. ಅಷ್ಟರೊಳಗೆ ಸೂಚನೆಯೂ ಮೊತ್ತಕ್ಕೆ ಸೇರಿ, ಎಣಿಕೆ ನಾಲ್ಕಾಗಿರುತ್ತದೆ.

ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ರೂಢಿಯಲ್ಲಿದ್ದ ಪರಿಹಾರವೆಂದರೆ ಮೊದಲ ಸಂಖ್ಯೆಯನ್ನು ಲೂಪಿನ ಹೊರಗೇ ಓದಿಕೊಂಡು, ಒಳಗೆ ಅದನ್ನು ಕೂಡಿಸಿದ ಮೇಲೆ ಮುಂದಿನದನ್ನು ಓದುವುದು. ಮನುಷ್ಯರಿಗೆ ಸಹಜವಾಗಿ ತೋಚುವ ಕ್ರಮ ಮಾತ್ರ ಓದಿ ಕೂಡುವುದು, ಕೂಡಿ ಓದುವುದಲ್ಲ. 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೊಲೊವೇ ತಂಡ ಒಂದು ಗುಂಪಿಗೆ ರೂಢಿಯ ಪ್ಯಾಸ್ಕಲನ್ನೂ, ಇನ್ನೊಂದಕ್ಕೆ ಲೂಪಿನ ನಡುವಿನಿಂದಲೇ ಹೊರಬರಬಹುದಾದ ಪ್ಯಾಸ್ಕಲನ್ನೂ ಕೊಟ್ಟಿತು. ಸರಿಯುತ್ತರ ಹೆಚ್ಚಾಗಿ ಬಂದದ್ದು ಎರಡನೆಯ ಗುಂಪಿನಿಂದ. ಆದ್ದರಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸುವಾಗ ಓದಿದ ಸಂಖ್ಯೆ 99999 ಆಗಿದ್ದರೆ ಅಲ್ಲಿಯೇ ‘ಬ್ರೇಕ್’ ಮಾಡಿ ಹೊರಬರುವ ಬಗೆಯನ್ನೇ ಮೊದಲು ಹೇಳಿಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಪೈಥಾನಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಪೈಥಾನ್ 3ರ ‘ಇನ್‌ಪುಟ್’ ಎಂಬ ಓದುವ ಆದೇಶ ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಗಳ ಸಾಲನ್ನು. ಅದನ್ನು ‘ಇಂಟ್’ ಮೂಲಕ ಸಂಖ್ಯೆಯಾಗಿ ಪರಿವರ್ತಿಸದೆ ಹಾಗೆಯೇ ಪಟ್ಟಿಗೆ ಸೇರಿಸುತ್ತ ಹೋದರೆ, ಟೈಪ್ ಮಾಡಿದ 99999 ಎಂಬ ಪಠ್ಯವು 99999 ಎಂಬ ಸಂಖ್ಯೆಗೆ ಎಂದೂ ಸಮವಾಗುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ, ಪ್ರೋಗ್ರಾಂ ಮುಂದಿನ ಸಂಖ್ಯೆಯನ್ನು ಕೇಳುತ್ತಲೇ ಇರುತ್ತದೆ. ಇದನ್ನೂ ಸರಿಪಡಿಸಿದ ಮೇಲೆ, ಬೇರೇನನ್ನೂ ಕೊಡದೆ ಮೊದಲಿಗೇ 99999 ಒತ್ತಿ ನೋಡಬೇಕು: ಎಣಿಕೆ ಸೊನ್ನೆಯಾಗಿರುವುದರಿಂದ, ಅದನ್ನು ಪರೀಕ್ಷಿಸದೆ ಭಾಗಿಸಹೊರಟ ಪ್ರೋಗ್ರಾಂ ಅಲ್ಲಿಯೇ ನಿಂತುಬಿಡುತ್ತದೆ.